ಎಡೆಯ ಟೀಗೆ ಎರಡು ಚಮಚ ಸಕ್ಕರೆ

ಗಾಂಧಿ ಜಯಂತಿಯ ದಿನ ನಮ್ಮಪ್ಪನಿಗೆ ಮಟನ್ ಎಲ್ಲಿಂದ ತರುವುದು? 2024ರಲ್ಲಿ ನಮ್ಮ ಮನೆಯಲ್ಲಿ ಒಂದು ವಾರ ನಡೆದ ಚರ್ಚೆ ಇದು. ಅಪ್ಪ ತೀರಿಕೊಂಡು ಆಗಲೇ ಎರಡು ವರ್ಷ ಕಳೆದಿತ್ತು. ಅದೇನೂ ಚರ್ಚೆಗೆ ಅಡ್ಡಿಯಾಗಲಿಲ್ಲ.

ಆ ವರ್ಷ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ಕ್ಕೆ ಬಿದ್ದಿತ್ತು. ಗಾಂಧಿ ಜಯಂತಿಗೆ ಬೆಂಗಳೂರಿನಲ್ಲಿ ಮಾಂಸ ಮಾರುವ ಹಾಗಿಲ್ಲ. ನಾವು ಹಿರಿಯರಿಗೆ ಬಾಡೂಟದ ಎಡೆ ಇಡುವವರು. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಅವರವರು ಇಷ್ಟಪಡುತ್ತಿದ್ದ ತಿಂಡಿ, ಕುಡಿಯುತ್ತಿದ್ದವರಿಗೆ ಅದೂ. ಇದೆಲ್ಲ ಇಲ್ಲದೆ ಸುಮ್ನೆ ಅನ್ನ ಸಾರು ಇಟ್ಟರೆ ನಮ್ಮ ತಾತ ಎಲೆ ಮಡಚಿ ಎದ್ದು ಹೋಗುತ್ತಾರೆ ಅಂತ ಅವ್ವನ ನಂಬಿಕೆ.

"ಹಿಂದಿನ ದಿನವೇ ತಂದು ಫ್ರಿಜ್‌ನಲ್ಲಿ ಇಡೋಣ" ಅಂದೆ.

"ಫ್ರಿಜ್ಜಿನ ಬಾಡಾ? ಹಿರೀಕರಿಗಾ?" ಅಂದಳು ಅವ್ವ. ಬದುಕಿರುವ ನಾವು ವಾರವಿಡೀ ಫ್ರಿಜ್ಜಿನದ್ದೇ ತಿನ್ನುತ್ತೇವೆ. ಆ ಮಾತು ನಾನು ಆಡಲಿಲ್ಲ.

ನಮ್ಮವರು ಸುಮ್ನಿರಲಾರದೆ, "ಅತ್ತೆ, ಗಾಂಧೀಜಿಗೂ ಒಂದು ಎಲೆ ಹಾಕಿಬಿಡೋಣ. ಮೇಕೆ ಹಾಲು ಕುಡೀತಿದ್ದೋರ ಹುಟ್ಟುಹಬ್ಬದಲ್ಲಿ ಮೇಕೆ ಕಡಿಯೋದು ತಪ್ಪೇ ಅಲ್ವಾ?" ಅಂದರು. ಅವ್ವ ನಗಲಿಲ್ಲ. ಅಳಿಯಂದಿರ ತಮಾಷೆಗೆ ಎದುರಾ ಎದುರು ನಗುವ ಅಭ್ಯಾಸ ಅವಳಿಗಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಿದ್ದು ನನಗೆ ಕೇಳಿಸಿತು.

ಕೊನೆಗೆ ಮಂಗಳವಾರ ಸಂಜೆ ನಮ್ಮವರು ಕೆಂಗೇರಿ ಉಪನಗರದಲ್ಲಿ ಮಟನ್ ಅಂಗಡಿ ಮುಂದೆ ಒಂದೂವರೆ ಗಂಟೆ ಕ್ಯೂ ನಿಂತರು. ಕ್ಯೂ ರಸ್ತೆಯ ತಿರುವಿನವರೆಗೂ ಇತ್ತಂತೆ. ಅಲ್ಲಿ ನಿಂತಿದ್ದ ಹೆಚ್ಚಿನವರ ಮನೆಗೂ ನಾಳೆ ಯಾರೋ ಒಬ್ಬರು ತೀರಿಕೊಂಡವರು ಊಟಕ್ಕೆ ಬರುವವರಿದ್ದರು.

ಹೊರಗಿನವರಿಗೆ ಈ ಹಬ್ಬ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಭಾದ್ರಪದದ ಹುಣ್ಣಿಮೆ ಕಳೆದ ಮೇಲೆ ಅಮಾವಾಸ್ಯೆವರೆಗೆ ಪಿತೃಪಕ್ಷ. ಮಂಡ್ಯದ ನಮ್ಮ ಕಡೆ ಬರೀ 'ಪಕ್ಷ' ಅಂದರೂ ಸಾಕು. "ನಿಮ್ಮನೇಲಿ ಪಕ್ಷ ಯಾವತ್ತು?" ಅಂತ ಕೇಳುತ್ತಾರೆ. ಕೆಲವರು ನಡುವಿನ ಒಂದು ಭಾನುವಾರ ಮುಗಿಸುತ್ತಾರೆ, ಕೆಲವರು ಅಮಾವಾಸ್ಯೆಗೇ ಮಾಡುತ್ತಾರೆ. ಹಿರಿಯರ ಫೋಟೋ, ಕಳಸ, ಹೊಸ ಪಂಚೆ, ಹೊಸ ಸೀರೆ. ಮುಂದೆ ಬಾಳೆ ಎಲೆ. ಧೂಪ ಹಾಕಿ, ಎಲ್ಲರೂ ಅಡ್ಡಬಿದ್ದು, ಕೋಣೆಯ ಬಾಗಿಲು ಮುಂದಕ್ಕೆ ಎಳೆದುಕೊಂಡು ಆಚೆ ಬಂದುಬಿಡಬೇಕು. ಅವರು ಉಣ್ಣುವಾಗ ನಾವು ನೋಡುವ ಹಾಗಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ. ಆಮೇಲೆ ಬಾಗಿಲು ಬಡಿದು ಒಳಗೆ ಹೋಗಬೇಕು. ಮರುದಿನದಿಂದ ನವರಾತ್ರಿ, ದೇವರ ದಿನಗಳು. ಆದರೆ ಅಂದು ಮಾತ್ರ ಮನೆ ನಮ್ಮವರದ್ದು.

ಅಪ್ಪ ಇದನ್ನೆಲ್ಲ ನಂಬುತ್ತಿದ್ದರಾ? ಗೊತ್ತಿಲ್ಲ. ಅವರು ಸಾರಿಗೆ ಸಂಸ್ಥೆಯಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವರು. ದಿನಾ ನೂರಾರು ಜನರನ್ನು ನೋಡಿ ನೋಡಿ, ಯಾರ ಮಾತನ್ನೂ ಪೂರ್ತಿ ನಂಬದ, ಯಾರನ್ನೂ ಪೂರ್ತಿ ಬಿಟ್ಟುಕೊಡದ ಒಂದು ಸ್ವಭಾವ ಬಂದುಬಿಟ್ಟಿತ್ತು. ಚಿಲ್ಲರೆ ಇಲ್ಲದಾಗ ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತಿದ್ದರು. ಮರೆತು ಇಳಿದು ಹೋದವರ ಮುಖ ನೆನಪಿಟ್ಟುಕೊಂಡು, ಅವರು ಮತ್ತೆ ಬಸ್ಸು ಹತ್ತಿದ ದಿನ "ರೀ, ನಿಮ್ದು ನಾಕು ರೂಪಾಯಿ" ಅನ್ನುತ್ತಿದ್ದರು. ದೇವರ ವಿಷಯದಲ್ಲೂ ಹೆಚ್ಚೂಕಡಿಮೆ ಇದೇ ಲೆಕ್ಕ. ಕೊಡಬೇಕಾದದ್ದು ಕೊಟ್ಟುಬಿಡು, ಹೆಚ್ಚು ಮಾತು ಬೇಡ.

ಪಕ್ಷದ ಬಗ್ಗೆ ಅವರದ್ದೊಂದು ಮಾತಿತ್ತು. "ಸತ್ತೋರಿಗೆ ಮಟನ್ನು, ಬದುಕಿರೋರಿಗೆ ಮಾತ್ರೆ." ವರ್ಷಾ ವರ್ಷಾ ತಪ್ಪದೆ ಹೇಳುತ್ತಿದ್ದರು. ಹೇಳುತ್ತಲೇ ಗಡ್ಡ ಹೆರೆದು, ಸ್ನಾನ ಮಾಡಿ, ಪಂಚೆ ಉಟ್ಟು, ತಮ್ಮಪ್ಪನ ಫೋಟೋಗೆ ಧೂಪ ಹಾಕುತ್ತಿದ್ದರು. ಎಡೆಗೆ ಒಂದು ಕಟ್ಟು ಬೀಡಿ ಇಟ್ಟು, ಬಾಗಿಲು ಮುಚ್ಚಿ, ಜಗುಲಿ ಮೇಲೆ ಕೂತು ತಾವೂ ಒಂದು ಹಚ್ಚುತ್ತಿದ್ದರು. ಆ ಬೀಡಿ ಮುಗಿಯುವಷ್ಟು ಹೊತ್ತೇ ನಮ್ಮ ಮನೆಯಲ್ಲಿ ಹಿರಿಯರ ಊಟದ ಹೊತ್ತು.

ನನಗೆ ಆಗ ಏಳೋ ಎಂಟೋ ವರ್ಷ. ಕಿಟಕಿಯ ಸಂದಿಯಲ್ಲಿ ಇಣುಕಲು ಹೋಗಿ ಅಜ್ಜಿಯಿಂದ ಬೆನ್ನಿಗೆ ಏಟು ತಿಂದಿದ್ದೆ. ಅಳುತ್ತಾ ಅಪ್ಪನ ಪಕ್ಕ ಕೂತು ಕೇಳಿದೆ. "ನಿಜವಾಗ್ಲೂ ಬಂದು ತಿಂತಾರಾ ಅಪ್ಪ?"

"ನಾನೂ ನೋಡಿಲ್ಲ ಕಣವ್ವ" ಅಂದರು. ಹೊಗೆ ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಬಡೀದೆ ಬಾಗ್ಲು ತೆಗೀಬ್ಯಾಡ" ಅಂದರು. ಎದ್ದು ಹೋಗಿ ಗಂಟಲು ಸರಿಮಾಡಿಕೊಂಡು ಮೂರು ಸಲ ಬಾಗಿಲು ಬಡಿದರು. ಬಸ್ಸಿನ ತಗಡಿಗೆ ಬಡಿಯುತ್ತಿದ್ದರಲ್ಲ, ಹಾಗೇ. ಒಳಗೆ ಇದ್ದವರಿಗೆ 'ರೈಟ್' ಹೇಳಿದ ಹಾಗೆ.

ನಂಬಿಕೆಯ ಬಗ್ಗೆ ಅಪ್ಪ ನನಗೆ ಹೇಳಿದ್ದು ಅಷ್ಟೇ. ಅದಕ್ಕಿಂತ ಜಾಸ್ತಿ ಯಾರಾದರೂ ಹೇಳಲು ಬಂದರೆ ಈಗಲೂ ನನಗೆ ಅನುಮಾನ.

ಅವರು ಹೋಗಿದ್ದು 2022ರ ಜೂನ್‌ನಲ್ಲಿ. ವರ್ಷ ತುಂಬುವ ತನಕ ಹಿರಿಯರ ಸಾಲಿಗೆ ಸೇರಿಸುವ ಹಾಗಿಲ್ಲ ಅಂತ ನಮ್ಮ ಮನೆಯಲ್ಲಿ ಪದ್ಧತಿ. ಹಾಗಾಗಿ ಅಪ್ಪನಿಗೆ ಮೊದಲ ಎಡೆ ಬಿದ್ದಿದ್ದು 2023ರ ಅಕ್ಟೋಬರ್ 14ರಂದು, ಊರಿನಲ್ಲಿ. ನೆನಪಿದ್ದವರಿಗೆ ಗೊತ್ತು, ಅಂದು ಅಹಮದಾಬಾದಿನಲ್ಲಿ ವಿಶ್ವಕಪ್ಪಿನ ಭಾರತ ಪಾಕಿಸ್ತಾನ ಪಂದ್ಯ ಇತ್ತು. ಬಾಗಿಲು ಮುಚ್ಚಿ ಹೊರಗೆ ಬಂದರೆ ಗಂಡಸರೆಲ್ಲ ಒಂದು ಮೊಬೈಲಿನ ಸುತ್ತ. ಪಾಕಿಸ್ತಾನ ಎರಡು ವಿಕೆಟ್‌ಗೆ 155 ಇದ್ದದ್ದು 191ಕ್ಕೆ ಆಲೌಟ್ ಆಗಿದ್ದು ಆ ಸಂಜೆಯೇ. ಒಂದೊಂದು ವಿಕೆಟ್ ಬಿದ್ದಾಗಲೂ ಚಿಕ್ಕಪ್ಪ ಮುಚ್ಚಿದ ಬಾಗಿಲ ಕಡೆ ಕೈ ತೋರಿಸಿ, "ಅಣ್ಣ ಒಳಗೆ ಕೂತು ಕೀಳಿಸ್ತಾವ್ನೆ" ಅನ್ನುತ್ತಿದ್ದರು. ಆ ದಿನ ಬಾಗಿಲು ಬಡಿಯುವುದು ತಡವಾಯಿತು. ಅಪ್ಪನಿಗೆ ಬೇಜಾರಾಗಿರಲಿಕ್ಕಿಲ್ಲ.

ಆದರೆ ನನಗೆ ಆ ದಿನದಿಂದ ಉಳಿದಿರುವುದು ಕ್ರಿಕೆಟ್ ಅಲ್ಲ, ಟೀ.

ಅದನ್ನು ಹೇಳಬೇಕಾದರೆ ಅಪ್ಪನ ಸಕ್ಕರೆ ಕಾಯಿಲೆಯಿಂದ ಶುರುಮಾಡಬೇಕು. ಕೊನೆಯ ಆರು ವರ್ಷ ನಮ್ಮ ಮನೆ ನಡೆದಿದ್ದೇ ಅದರ ಮೇಲೆ. ಅವ್ವ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಊಟಕ್ಕೆ ಮುಂಚೆ ಎಷ್ಟು, ಊಟವಾದ ಮೇಲೆ ಎಷ್ಟು, ಮೂರು ತಿಂಗಳ ಲೆಕ್ಕ ಎಷ್ಟು, ಎಲ್ಲ ಬಾಯಲ್ಲೇ ಇತ್ತು. ಸಕ್ಕರೆ ಡಬ್ಬಿ ರಾಗಿ ಹಿಟ್ಟಿನ ಡ್ರಮ್ಮಿನೊಳಗೆ ಹೋಯಿತು. ಬೆಲ್ಲ ಪಕ್ಕದ ಮನೆಗೆ ಹೋಯಿತು, ಬೇಕಾದಾಗ ಹೋಗಿ ಒಂದು ಚೂರು ಒಡೆದು ತರುತ್ತಿದ್ದಳು. ಅಪ್ಪ ದಿನಕ್ಕೆ ಆರು ಟೀ ಕುಡಿಯುತ್ತಿದ್ದವರು. ಡಿಪೋ ಟೀ, ಎರಡು ಚಮಚ ಸಕ್ಕರೆ ಹಾಕಿದ್ದು. ಅದು ಎರಡು ಟೀಗೆ ಇಳಿಯಿತು. ಸಕ್ಕರೆ ಇಲ್ಲ. ಮೊದಲ ದಿನ ಒಂದು ಗುಟುಕು ಕುಡಿದು, "ಇದೇನು, ಗಾಯ ತೊಳೆಯೋ ನೀರು" ಅಂದರು. ಆರು ವರ್ಷ ಅದನ್ನೇ ಕುಡಿದರು.

ಹಾಗಂತ ಸುಮ್ನೆ ಒಪ್ಪಿಕೊಂಡರು ಅಂತಲ್ಲ. ಕದಿಯುತ್ತಿದ್ದರು. ಮದುವೆ ಮನೆಗಳಲ್ಲಿ ಅವ್ವ ಹೆಂಗಸರ ಪಂಕ್ತಿಯಲ್ಲಿ ಕೂತಾಗ ಅಪ್ಪನ ಎಲೆಗೆ ಎರಡು ಹೋಳಿಗೆ. ಪೇಟೆಗೆ ಹೋಗಿ ಬಂದಾಗ ಮೀಸೆಯ ತುದಿಗೆ ಮೈಸೂರು ಪಾಕಿನ ಪುಡಿ. ಅವ್ವ ಕೇಸು ಹಿಡಿಯುವುದು, ಅಪ್ಪ ದಂಡ ಕಟ್ಟದೆ ತಪ್ಪಿಸಿಕೊಳ್ಳುವುದು. ಟಿಕೆಟ್ ಇಲ್ಲದೆ ಹತ್ತಿದವರನ್ನು ಜೀವಮಾನವಿಡೀ ಹಿಡಿದ ಮನುಷ್ಯನಿಗೆ ಕೊನೆಗೆ ತಾನೇ ಟಿಕೆಟ್ ಇಲ್ಲದೆ ಓಡಾಡುವ ಚಟ ಹತ್ತಿತ್ತು.

2021ರ ಪಕ್ಷ. ಅವ್ವ ಕಜ್ಜಾಯ ಮಾಡಿದ್ದಳು. ಅವಳ ಕಜ್ಜಾಯಕ್ಕೆ ನೆಂಟರಿಷ್ಟರಲ್ಲೆಲ್ಲ ಹೆಸರು. ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಇನ್ನೂ ತೇವ ಇರುವಾಗಲೇ ಹಿಟ್ಟು ಮಾಡಬೇಕು. ಬೆಲ್ಲದ ಪಾಕ ನೀರಿಗೆ ಹಾಕಿದರೆ ಕರಗಬಾರದು, ಗಟ್ಟಿಯೂ ಆಗಬಾರದು, ಬೆರಳಿಗೆ ಮೆತ್ತಗೆ ಉಂಡೆಯಾಗಿ ಸಿಗಬೇಕು. ಒಂದು ನಿಮಿಷ ಹಿಂದೆ ಮುಂದೆ ಆದರೂ ಎಣ್ಣೆಗೆ ಬಿಟ್ಟಾಗ ಚೂರು ಚೂರು. ಹಿಟ್ಟು ಕಲಸಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಗಸಗಸೆ ಒತ್ತಿ ತಟ್ಟಿ ಕರಿದು, ಎರಡು ಜಾಲರಿಯ ನಡುವೆ ಅದುಮಿ ಎಣ್ಣೆ ಇಳಿಸುತ್ತಾಳೆ. ನಾನು ಮೂರು ಸಲ ಪ್ರಯತ್ನಪಟ್ಟಿದ್ದೇನೆ. ಮೂರು ಸಲವೂ ಎಣ್ಣೆಯಲ್ಲಿ ಗೋಧಿ ನುಚ್ಚಿನ ಹಾಗೆ ಏನೋ ತೇಲಿತು.

ಆ ವರ್ಷ ಎಡೆಗೆ ಇಟ್ಟು, ಬಂದವರಿಗೆ ಕೊಟ್ಟು, ಉಳಿದದ್ದನ್ನು ಎಣಿಸಿ ಡಬ್ಬಿಗೆ ತುಂಬಿದ್ದಳು. ಹೌದು, ಎಣಿಸಿ. ಮರುದಿನ ನಡುಮನೆಯ ಗೋಡೆ ಮೇಲೆ ಇರುವೆ ಸಾಲು. ಅದರ ಹಿಂದೆಯೇ ಹೋದಳು. ಸಾಲು ಗೂಟದಲ್ಲಿ ನೇತುಹಾಕಿದ್ದ ಅಪ್ಪನ ಹಳೇ ಚರ್ಮದ ಕಂಡಕ್ಟರ್ ಬ್ಯಾಗಿನೊಳಗೆ ಹೋಗಿತ್ತು. ಚಿಲ್ಲರೆ ಹಾಕುತ್ತಿದ್ದ ಖಾನೆಯಲ್ಲಿ, ಪೇಪರಿನಲ್ಲಿ ಸುತ್ತಿದ ಎರಡು ಕಜ್ಜಾಯ.

ಮನೆ ತುಂಬ ನೆಂಟರು. ಅವ್ವ ಅಷ್ಟು ಜನರ ಮುಂದೆ ಬೈದಳು. ಸಣ್ಣ ಮಗುವಿಗೆ ಬೈದ ಹಾಗೆ. "ಕಾಲು ಕುಯ್ಸಿಕೊಂಡು ಕೂತ್ಕೋತೀಯಾ? ನಿನ್ನ ಎತ್ತಿ ಇಳಿಸೋರು ಯಾರು?" ಅಂದಳು. ಅವ್ವ ಅಪ್ಪನನ್ನು ಏಕವಚನದಲ್ಲಿ ಮಾತಾಡಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಪ್ಪನಿಗೆ ಮುಖ ಸಣ್ಣದಾಯಿತು. ಆದರೂ ಸೋಲಲಿಲ್ಲ. "ಆಯ್ತು ಬಿಡು. ಹೆಂಗೂ ಎಡೇಲಿ ಇಡ್ತೀಯಲ್ಲ, ಆಗ ತಿಂತೀನಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮುಂದಿನ ಜೂನ್‌ನಲ್ಲಿ ಹೃದಯ ನಿಂತಿತು. ಕಾಲು ಚೆನ್ನಾಗಿಯೇ ಇತ್ತು.

ಇನ್ನು 2023ರ ಟೀ. ಎಲೆಗಳೆಲ್ಲ ಬಡಿಸಿ ಆಗಿತ್ತು. ಅಪ್ಪನ ಫೋಟೋ ಮುಂದೆ ಹೊಸ ಪಂಚೆ, ಮುದ್ದೆ, ಸಾರು, ಬೀಡಿ. ನಾಲ್ಕು ಕಜ್ಜಾಯ. ಅಪ್ಪನ ಸ್ಟೀಲ್ ಲೋಟದಲ್ಲಿ ಅವ್ವ ಟೀ ಸೋಸಿ ತಂದು ಇಟ್ಟಳು. ಚಿಕ್ಕಪ್ಪ ಧೂಪಕ್ಕೆ ಕೆಂಡ ತಂದರು. ಅವ್ವ ಹಾಗೇ ನಿಂತಿದ್ದವಳು ಬಗ್ಗಿ ಲೋಟ ಎತ್ತಿಕೊಂಡು ಅಡುಗೆಮನೆಗೆ ವಾಪಸ್ ಹೋದಳು. ಏನಾಯಿತು ಅಂತ ನಾನೂ ಹಿಂದೆ ಹೋದೆ. ರಾಗಿ ಡ್ರಮ್ಮಿನೊಳಗೆ ಮೊಣಕೈವರೆಗೂ ಕೈ ಹಾಕಿ ತಡಕುತ್ತಿದ್ದಳು. ಸಕ್ಕರೆ ಡಬ್ಬಿ ಇನ್ನೂ ಅಲ್ಲೇ ಇತ್ತು. ಯಾರಿಂದ ಬಚ್ಚಿಡಬೇಕಿತ್ತೋ ಅವರು ಹೋಗಿ ಒಂದು ವರ್ಷವಾದರೂ ಅವಳು ಅದನ್ನು ಆಚೆ ತೆಗೆದಿರಲಿಲ್ಲ. ಕೈಗೆಲ್ಲ ಹಿಟ್ಟು. ಎರಡು ಚಮಚ ಸಕ್ಕರೆ ಹಾಕಿದಳು. ಕದಡಿದಳು. ತುಂಬ ಹೊತ್ತು ಕದಡಿದಳು.

"ಕೈ ಸುಮ್ನೆ ಹಂಗೇ ಮಾಡ್ಬಿಡ್ತು" ಅಂದಳು, ನನ್ನ ಮುಖ ನೋಡದೆ.

ಸತ್ತೋರಿಗೆ ಮಟನ್ನು, ಬದುಕಿರೋರಿಗೆ ಮಾತ್ರೆ. ಅಪ್ಪ ಊರನ್ನೆಲ್ಲ ಸೇರಿಸಿ ಆಡಿದ್ದ ಮಾತು ನೆಟ್ಟಗೆ ನಮ್ಮ ಅಡುಗೆಮನೆಗೇ ಬಂದು ಕೂತಿತ್ತು. ಬದುಕಿದ್ದಾಗ ನೋಡದೆ ಸತ್ತ ಮೇಲೆ ಎಡೆ ಇಡುವವರನ್ನು ಎಲ್ಲರೂ ಆಡಿಕೊಳ್ಳುತ್ತಾರೆ. ನಾವು ನೋಡದೆ ಇದ್ದವರಲ್ಲ. ನೋಡಿಕೊಂಡಿದ್ದಕ್ಕೇ ಕೊಡಲಿಲ್ಲ. ಆರು ವರ್ಷ ಬೇಡ ಬೇಡ ಅಂದಿದ್ದೆಲ್ಲ ಈಗ ಎಲೆ ಮೇಲೆ ಸಾಲಾಗಿ ಇತ್ತು. ಇದು ಭಕ್ತಿಯಾ, ಬಾಕಿ ತೀರಿಸುವುದಾ? ನಾನು ಲೆಕ್ಕ ಬರೆಯುವ ಕೆಲಸದವಳು. ಒಂದು ರೂಪಾಯಿ ತಾಳೆಯಾಗದಿದ್ದರೂ ಆಫೀಸು ಬಿಟ್ಟು ಏಳುವುದಿಲ್ಲ. ಇದು ಮಾತ್ರ ನನ್ನ ಯಾವ ಖಾತೆಗೂ ಕೂರುತ್ತಿಲ್ಲ.

ಮತ್ತೆ 2024ಕ್ಕೆ ಬರುತ್ತೇನೆ. ಮಟನ್ ಸಮಸ್ಯೆ ಬಗೆಹರಿದ ಮೇಲೆ ದೊಡ್ಡ ಸಮಸ್ಯೆ ಎದ್ದಿತು. ಅವ್ವನಿಗೆ ಮಂಡಿ ಆಪರೇಷನ್ ಆಗಿತ್ತು, ಊರಿಗೆ ಹೋಗುವ ಹಾಗಿರಲಿಲ್ಲ. ತಮ್ಮ ಪುಣೆಯಲ್ಲಿ, ಅವನಿಗೆ ರಜೆ ಇಲ್ಲ. ಹಾಗಾದರೆ ಎಡೆ ನಮ್ಮ ಮನೆಯಲ್ಲಿ, ಅಂದರೆ ಮಗಳ ಮನೆಯಲ್ಲಿ. ಮಗಳ ಮನೆಗೆ ಹಿರಿಯರು ಬರುತ್ತಾರಾ? ಈ ಮನೆಗೆ ಅವರದ್ದೇ ಹಿರಿಯರಿದ್ದಾರೆ. ನಮ್ಮ ಮಾವನವರ ಎಡೆ ಆ ಭಾನುವಾರವೇ ಭಾವನವರ ಮನೆಯಲ್ಲಿ ಮುಗಿದಿತ್ತು. ಅತ್ತೆಗೆ ಫೋನ್ ಮಾಡಿ ಕೇಳಿದೆ. "ಬೀಗರು ಬರಲಿ ಬಿಡಮ್ಮ, ಅದಕ್ಕೇನಂತೆ. ನಮ್ಮೋರದ್ದು ಊಟ ಆಯ್ತಲ್ಲ" ಅಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ನನ್ನ ಚಿಂತೆ ಬೇರೆ. ಅಪ್ಪ ಬದುಕಿದ್ದಾಗ ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ಉಳಿದವರಲ್ಲ. ಬರುತ್ತಿದ್ದರು, ಒಂದು ಚೀಲ ತೆಂಗಿನಕಾಯಿ ಇಳಿಸುತ್ತಿದ್ದರು, ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಎರಡನೇ ಸಲ ಬಡಿಸಲು ಹೋದರೆ ಎಲೆಗೆ ಅಡ್ಡ ಕೈ ಇಡುತ್ತಿದ್ದರು. "ಕೊನೇ ಬಸ್ಸು ತಪ್ಪುತ್ತೆ" ಅಂತ ನೆಪ. ಬಸ್ಸು ಅವರ ಮಾತು ಕೇಳುತ್ತದೆ ಅಂತ ಗೊತ್ತಿದ್ದರೂ ನಾನು ವಾದ ಮಾಡುತ್ತಿರಲಿಲ್ಲ. ಈಗ ಬಂದರೂ ಹೊಟ್ಟೆ ತುಂಬ ತಿನ್ನುತ್ತಾರಾ?

ಅವ್ವನ ಚಿಂತೆ ಇನ್ನೂ ಬೇರೆ. "ಅವರು ಊರಿಗೇ ಹೋಗ್ತಾರೆ. ಬೀಗ ನೋಡಿ ವಾಪಸ್ ಹೊರಟೋದ್ರೆ?" ಕೊನೆಗೆ ಊರಿನ ಪಕ್ಕದ ಮನೆಯವರಿಗೆ ಫೋನ್ ಮಾಡಿದಳು. ಸಂಜೆ ನಮ್ಮ ಜಗುಲಿ ಮೇಲೆ ಒಂದು ದೀಪ ಹಚ್ಚಿಟ್ಟು, ಬೆಂಗಳೂರಿಗೆ ಹೋಗವ್ರೆ ಅಂತ ಬಾಗಿಲ ಮುಂದೆ ನಿಂತು ಒಂದು ಮಾತು ಹೇಳಬೇಕಂತೆ. ಆ ಕಡೆಯಿಂದ ಒಂದು ಪ್ರಶ್ನೆಯೂ ಬರಲಿಲ್ಲ. "ಆಯ್ತಕ್ಕ, ಹೇಳ್ತೀನಿ" ಅಂದರಂತೆ, ಅಷ್ಟೇ. ಹಾಲಿನವನಿಗೆ ಹೇಳಿ ಅಂದರೂ ಇದೇ ದನಿಯಲ್ಲಿ ಒಪ್ಪಿಕೊಳ್ಳುತ್ತಿದ್ದರು.

"ಅಪ್ಪಂಗೆ ಬೆಂಗಳೂರಿನ ದಾರಿ ಗೊತ್ತಿಲ್ವಾ ಅವ್ವ? ಮೂವತ್ತೊಂದು ವರ್ಷ ಓಡಾಡಿದ್ದಾರೆ" ಅಂದೆ.

"ಅದು ಹಳೇ ರೋಡು. ಈಗ ಬಸ್ಸು ಮದ್ದೂರೊಳಕ್ಕೆ ಬರಲ್ಲ, ಚನ್ನಪಟ್ಟಣದೊಳಕ್ಕೆ ಬರಲ್ಲ. ಮೇಲ್ಗಡೆನೇ ಹೊಂಟೋಯ್ತದೆ."

ನಿಜ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದದ್ದು 2023ರ ಮಾರ್ಚ್ 12ಕ್ಕೆ. ಅಪ್ಪ ಅದನ್ನು ನೋಡಲಿಲ್ಲ. ಸತ್ತವರಿಗೆ ಬೈಪಾಸ್ ಗೊತ್ತಿರುತ್ತದಾ ಅನ್ನುವ ವಿಷಯದ ಮೇಲೆ ನಾವು ತಾಯಿ ಮಗಳು ಸೊಪ್ಪು ಬಿಡಿಸುತ್ತಾ ಅರ್ಧ ಗಂಟೆ ಮಾತಾಡಿದೆವು. ಹಳೇ ರೋಡಿನಲ್ಲೂ ಕೆಲವು ಬಸ್ಸು ಇದೆ ಅಂತ ನಾನು ಹೇಳಿದ ಮೇಲೆ ಅವ್ವನಿಗೆ ಸಮಾಧಾನ.

ಇದರ ನಡುವೆ ಟೀವಿಯಲ್ಲಿ ಗ್ರಹಣದ ಗಲಾಟೆ. "ನಿಮ್ಮಪ್ಪ ಹಿರೀಕರ ಸಾಲಿಗೆ ಸೇರಿದಾಗಿಂದ ವರ್ಷಾ ಪಕ್ಷದ ದಿನವೇ ಸೂರ್ಯಗ್ರಹಣ ಕಣೆ" ಅಂತ ಅವ್ವ. ಆರನೇ ಕ್ಲಾಸಿನ ನನ್ನ ಮಗಳು, "ಅಜ್ಜೀ, ಸೂರ್ಯಗ್ರಹಣ ಆಗೋದೇ ಅಮಾವಾಸ್ಯೆ ದಿನ, ಬೇರೆ ದಿನ ಆಗೋಕೇ ಆಗಲ್ಲ" ಅಂತ ಕಿತ್ತಳೆ ಹಣ್ಣು, ಟಾರ್ಚು ಇಟ್ಟು ಪಾಠ ಮಾಡಿದಳು. ಅವ್ವ ಹೇಳಿದ್ದೂ ಸುಳ್ಳಲ್ಲ. 2023, 2024, ಮತ್ತೆ 2025, ಮೂರು ವರ್ಷವೂ ಮಹಾಲಯ ಅಮಾವಾಸ್ಯೆಗೆ ಸೂರ್ಯಗ್ರಹಣ ಬಿದ್ದಿದೆ. ಮೂರೂ ಸಲ ನಮ್ಮಲ್ಲಿ ರಾತ್ರಿ, ಕಾಣಿಸುವ ಪ್ರಶ್ನೆಯೇ ಇಲ್ಲ. 2024ರದ್ದು ಕಂಡಿದ್ದು ಚಿಲಿ, ಅರ್ಜೆಂಟೀನಾ ಕಡೆ. "ಅಷ್ಟು ದೂರದ್ದು ನಮಗ್ಯಾಕೆ" ಅಂತ ಅವ್ವ ಟೀವಿ ಆರಿಸಿದಳು. ಅವಳ ಧರ್ಮಶಾಸ್ತ್ರದಲ್ಲಿ ಎಲ್ಲದಕ್ಕೂ ಒಂದು ಗಡಿ ಇದೆ.

ಎಡೆ ಇಡುವವರು ಯಾರು ಅನ್ನುವುದು ಮಾತ್ರ ಎರಡೇ ಮಾತಿನಲ್ಲಿ ಮುಗಿಯಿತು. ನಮ್ಮವರು ಅಳಿಯ, ತಮ್ಮ ದೂರ. "ನೀನೇ ಧೂಪ ಹಾಕು" ಅಂದಳು ಅವ್ವ. "ಈಗ ಹೆಣ್ಮಕ್ಕಳೂ ಕಂಡಕ್ಟರ್ ಆಗವ್ರೆ. ನಿಮ್ಮಪ್ಪ ಏನೂ ಅಂದ್ಕಳಲ್ಲ."

ಹಾಕಿದೆ. ಕೈ ನಡುಗಿತು, ಸಾಂಬ್ರಾಣಿ ಜಾಸ್ತಿ ಬಿತ್ತು. ಕೋಣೆಯ ತುಂಬ ಹೊಗೆ, ಅಪ್ಪನ ಫೋಟೋ ಕಾಣದ ಹಾಗಾಯಿತು. ಬಾಗಿಲು ಎಳೆದುಕೊಂಡು ಹೊರಗೆ ಬಂದೆವು. ಬಾಡಿಗೆ ಮನೆಯ ಪ್ಲೈವುಡ್ ಬಾಗಿಲು. ಜಗುಲಿ ಇಲ್ಲ, ಹಾಲಿನ ಸೋಫಾ ಮೇಲೆ ಕೂತೆವು. ಯಾರಿಗೂ ಬೀಡಿ ಸೇದುವ ಅಭ್ಯಾಸವಿಲ್ಲ, ಹಾಗಾಗಿ ಹೊತ್ತು ಎಷ್ಟಾಯಿತು ಅಂತ ತಿಳಿಯಲು ಗಡಿಯಾರ ನೋಡಬೇಕಾಯಿತು.

ನಾನು ದಿನಾ ದೇವರ ಮುಂದೆ ದೀಪ ಹಚ್ಚುತ್ತೇನೆ. ಹಚ್ಚುವಾಗ ತಲೆಯಲ್ಲಿ ಕುಕ್ಕರಿನ ಸೀಟಿ ಎಷ್ಟಾಯಿತು ಅನ್ನುವ ಲೆಕ್ಕ. ದೇವಸ್ಥಾನಕ್ಕೆ ಹೋದರೆ ಚಪ್ಪಲಿಯ ಚಿಂತೆ. ಆದರೆ ಆ ಹತ್ತು ನಿಮಿಷ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಬಾಗಿಲ ಆ ಕಡೆ ಯಾರೂ ಇಲ್ಲ ಅಂತ ನನಗೆ ಗೊತ್ತು. ಆದರೂ ಫ್ಯಾನ್ ಹಾಕಿದ್ದೇನಾ ಇಲ್ವಾ, ಸೆಕೆಯಾಗುತ್ತಿರಬಹುದಾ ಅಂತ ಯೋಚನೆ ಬಂತು. ಎರಡೂ ಒಟ್ಟಿಗೇ ಬಂತು, ಒಂದಕ್ಕೊಂದು ಜಗಳವಾಡಲಿಲ್ಲ. ಮಗಳು ನನ್ನ ಕಿವಿಯಲ್ಲಿ, "ಅಮ್ಮ, ನಿಜವಾಗ್ಲೂ ತಾತ ಬಂದಿರ್ತಾರಾ?" ಅಂದಳು. ಕಿತ್ತಳೆ ಹಣ್ಣು, ಟಾರ್ಚಿನ ಹುಡುಗಿ. ಅಪ್ಪ ಹೇಳಿದ್ದನ್ನೇ ಹೇಳಲು ಬಾಯಿ ತೆಗೆದೆ, ಗಂಟಲು ಕಟ್ಟಿತು. ಎದ್ದು ಹೋಗಿ ಮೂರು ಸಲ ಬಡಿದೆ. ಪ್ಲೈವುಡ್ ಬಾಗಿಲಿಗೆ ಆ ಸದ್ದು ಬರುವುದಿಲ್ಲ.

ಮೇಲೆ ತಾರಸಿಯಲ್ಲಿ ಕಾಗೆಗೆ ಇಟ್ಟ ಎಡೆಯದ್ದು ಇನ್ನೊಂದು ಕಥೆ. ಕಾಗೆ ಬರಲೇ ಇಲ್ಲ. ಪಾರಿವಾಳಗಳು ಬಂದವು. ಮಂಡಿಗೆ ಬೆಲ್ಟ್ ಹಾಕಿಕೊಂಡಿದ್ದ ಅವ್ವ ಕೆಳಗಿನಿಂದಲೇ ಕೂಗಿ ಓಡಿಸುತ್ತಿದ್ದಳು. "ಇವಕ್ಕೂ ನಮಗೂ ಏನು ಸಂಬಂಧ?" ಮುಕ್ಕಾಲು ಗಂಟೆ ಆದ ಮೇಲೆ ಒಂದು ಕಾಗೆ ಬಂದು, ಮುದ್ದೆ ಬಿಟ್ಟು, ಮಟನ್ ಬಿಟ್ಟು, ನೇರವಾಗಿ ಕಜ್ಜಾಯ ಎತ್ತಿಕೊಂಡು ಹೋಯಿತು. ನಾನು ಸುಳ್ಳು ಹೇಳುತ್ತಿಲ್ಲ. ಹೇಳುತ್ತಿದ್ದೇನೆ ಅಂತ ನಮ್ಮವರ ಅನುಮಾನ. ಅವ್ವ ಮಾತ್ರ ಮರುಪ್ರಶ್ನೆ ಕೇಳಲಿಲ್ಲ.

2025ರಲ್ಲಿ ಸೆಪ್ಟೆಂಬರ್ 21, ಭಾನುವಾರ. ಮಟನ್‌ಗೆ ತೊಂದರೆ ಇಲ್ಲ. ತಮ್ಮನೂ ಪುಣೆಯಿಂದ ಬಂದಿದ್ದ. ಎಲ್ಲ ಸಲೀಸಾಗಿ ಇರಬೇಕಿತ್ತು. ಆದರೆ ಆಗಸ್ಟ್‌ನಲ್ಲಿ ಅವ್ವನ ರಕ್ತ ಪರೀಕ್ಷೆ ಮಾಡಿಸಿದ್ದೆವು. ಮೂರು ತಿಂಗಳ ಲೆಕ್ಕ 8.2 ಬಂದಿತ್ತು. ಡಾಕ್ಟರು ಅವ್ವನ ಮುಖ ನೋಡದೆ ನನ್ನ ಮುಖ ನೋಡಿ, "ಸಿಹಿ ಪೂರ್ತಿ ನಿಲ್ಲಿಸಿ" ಅಂದರು. ಅವ್ವ ಗೋಡೆ ನೋಡುತ್ತಾ ಕೂತಿದ್ದಳು.

ಈಗ ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿ ವಾಷಿಂಗ್ ಮಷೀನ್ ಮೇಲಿನ ಕಪಾಟಿನಲ್ಲಿದೆ. ಬಚ್ಚಿಟ್ಟವಳು ನಾನು.

ಕಜ್ಜಾಯ ಅವ್ವನೇ ಮಾಡಿದಳು, ಪಾಕ ಇನ್ಯಾರಿಗೂ ಬರುವುದಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ಕಲಿಯುವ ನೆಪದಲ್ಲಿ. ಕರಿದು ಮುಗಿದ ತಕ್ಷಣ ಡಬ್ಬಿಗೆ ಹಾಕಿ ಅಟ್ಟದ ಮೇಲಕ್ಕೆ ಏರಿಸಿದೆ. ಏರಿಸುವ ಮುಂಚೆ ಎಣಿಸಿದೆ. ಮೂವತ್ತೆರಡು. ಎಣಿಸುವಾಗ ಅವ್ವ ನನ್ನನ್ನೇ ನೋಡುತ್ತಿದ್ದಳು, ಬಾಯಿ ಬಿಡಲಿಲ್ಲ.

ಈ ಸಲ ಧೂಪ ತಮ್ಮ ಹಾಕಿದ. ಬಾಗಿಲು ಬಡಿಯುವ ಕೆಲಸ ಮಾತ್ರ ನಾನು ಬಿಟ್ಟುಕೊಡಲಿಲ್ಲ. ಒಳಗೆ ಹೋಗಿ ಕರ್ಪೂರ ಹಚ್ಚಿ, ಎಲೆಗಳನ್ನು ಒಂದು ಕಡೆಯಿಂದ ತೆಗೆಯಲು ಶುರು ಮಾಡಿದೆವು. ಅವ್ವ ಕುರ್ಚಿ ಎಳೆದುಕೊಂಡು ಅಪ್ಪನ ಫೋಟೋ ಎದುರು ಕೂತಳು. ತಣ್ಣಗಾದ ಟೀ ಲೋಟ ಎತ್ತಿ ಗಟಗಟ ಕುಡಿದಳು. ಆಮೇಲೆ ಎಲೆಯಿಂದ ಒಂದು ಕಜ್ಜಾಯ ತೆಗೆದುಕೊಂಡಳು.

"ಅವ್ವಾ" ಅಂದೆ.

"ಎಡೇದು ಕಣೆ. ಎಡೇದು ಬ್ಯಾಡ ಅನ್ನಂಗಿಲ್ಲ."

ಹೀಗೊಂದು ನಿಯಮ ಇದೆಯಾ? ಇರಬಹುದು. ಅವಳು ಹೇಳಿದ ಮೇಲೆ ಇದೆ. ಪೂರ್ತಿ ತಿಂದಳು, ನಿಧಾನವಾಗಿ, ಅಂಗೈ ಮೇಲೆ ಬಿದ್ದ ಗಸಗಸೆಯನ್ನೂ ಬಿಡದೆ. ತಮ್ಮ ನನ್ನ ಕಡೆ ನೋಡಿದ. ನಾನು ಬಾಳೆ ಎಲೆ ಮಡಚುತ್ತಾ ಇದ್ದೆ.

ಸೋಮವಾರ ಬೆಳಗ್ಗೆ ಅವ್ವ ಸ್ನಾನಕ್ಕೆ ಹೋದಾಗ ಅವಳ ಮಂಚದ ಕೆಳಗೆ ಗುಡಿಸುತ್ತಿದ್ದೆ. ಗೋಡೆಯ ಅಂಚಿನಲ್ಲಿ ಇರುವೆ ಸಾಲು. ಮಂಚದ ಕಾಲು ಹತ್ತಿ, ದಿಂಬಿನ ಪಕ್ಕದಿಂದ ಹೋಗಿ, ಅವಳ ಮಾತ್ರೆ ಚೀಲದೊಳಗೆ ಇಳಿದಿತ್ತು. ಅಟ್ಟದ ಮೇಲಿನದ್ದು ಎಣಿಕೆ ಸರಿಯಾಗಿಯೇ ಇತ್ತು. ಎಡೆಯ ನಾಲ್ಕರಲ್ಲಿ ಒಂದು ಕಡಿಮೆ ಅಂತ ಆಮೇಲೆ ಹೊಳೆಯಿತು.

ಚೀಲ ಬಾಲ್ಕನಿಗೆ ಒಯ್ದು ಕೊಡವಿದೆ. ಪೇಪರಿನಲ್ಲಿ ಸುತ್ತಿದ್ದ ಕಜ್ಜಾಯವನ್ನು ಎರಡು ಮಾಡಿದೆ. ಒಂದು ಅರ್ಧವನ್ನು ಚಿಕ್ಕ ಸ್ಟೀಲ್ ಡಬ್ಬಿಗೆ ಹಾಕಿ, ಇರುವೆ ಹೋಗದ ಹಾಗೆ ಮುಚ್ಚಳ ಬಿಗಿಮಾಡಿ, ಮಾತ್ರೆಗಳ ಕೆಳಗೆ ವಾಪಸ್ ಇಟ್ಟೆ. ಬಚ್ಚಲಿನಲ್ಲಿ ನೀರಿನ ಸದ್ದು ನಿಲ್ಲುವ ಮುಂಚೆ ಇನ್ನರ್ಧ ನಾನು ತಿಂದೆ.